ವಿದೇಶದಲ್ಲಿ ವಿಮಾನ ನಿಂತಾಗ: ಸಿಕ್ಕಿಕೊಂಡ ನೌಕರನಿಗೆ ನಮ್ಮೂರಿನ ಕಂಪನಿ ಏನು ಮಾಡಬಹುದು?

2025ರ ಡಿಸೆಂಬರ್ ಮೊದಲ ವಾರ ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ನಡೆಯಿತು. ನೆಂಟರು, ಗೆಳೆಯರು ಎಲ್ಲ ಬಂದಿದ್ದರು. ಮದುಮಕ್ಕಳು ಮಾತ್ರ ಭುವನೇಶ್ವರದಲ್ಲೇ ಉಳಿದಿದ್ದರು. ಆ ವಾರ ದೇಶದ ತುಂಬ ವಿಮಾನಗಳು ಒಂದರ ಹಿಂದೆ ಒಂದು ರದ್ದಾಗಿದ್ದವು. ಕೊನೆಗೆ ಅವರು ಅಲ್ಲಿಂದಲೇ ವಿಡಿಯೋದಲ್ಲಿ ಕಾಣಿಸಿಕೊಂಡು ತಮ್ಮದೇ ಆರತಕ್ಷತೆಗೆ ಹಾಜರಾದರು. ಸುದ್ದಿ ದೇಶವೆಲ್ಲ ಸುತ್ತಿತು.

ಅದು ನಮ್ಮ ದೇಶದ ಒಳಗಿನ ಮಾತು. ಹೆಚ್ಚೆಂದರೆ ಎರಡು ದಿನ ರೈಲಿನಲ್ಲಿ ಕೂತರೆ ಊರು ಸಿಗುತ್ತದೆ. ಇದೇ ತೊಂದರೆ ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಬಂದರೆ? ಅಲ್ಲಿ ರೈಲೂ ಇಲ್ಲ, ನೆಂಟರ ಮನೆಯೂ ಇಲ್ಲ, ಕೈಯಲ್ಲಿರುವ ವೀಸಾಕ್ಕೂ ಒಂದು ಕೊನೆಯ ದಿನ ಇರುತ್ತದೆ.

ನಮ್ಮ ಭಾಗದಿಂದ ಕೆಲಸದ ಮೇಲೆ ಹೊರದೇಶಕ್ಕೆ ಹೋಗುವವರು ಐಟಿ ಕಂಪನಿಯವರು ಮಾತ್ರ ಅಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ತಯಾರಾದ ಯಂತ್ರವನ್ನು ಗಿರಾಕಿಯ ಜಾಗದಲ್ಲಿ ಜೋಡಿಸಿ ಕೊಡಲು ಫಿಟ್ಟರ್ ಹೋಗಬೇಕಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ರಫ್ತು ಮಾಡುವವರು ದುಬೈನ ಗಲ್ಫುಡ್ ಮೇಳಕ್ಕೆ ಹೋಗುತ್ತಾರೆ. ರಾಣೆಬೆನ್ನೂರಿನ ಬೀಜದ ವ್ಯಾಪಾರದವರೂ ಹೋಗಬಹುದು. ಇಂಥ ಕಂಪನಿಗಳಲ್ಲಿ ನಲವತ್ತೋ ಐವತ್ತೋ ಜನ ಇರುತ್ತಾರೆ. ಪ್ರಯಾಣ ನೋಡಿಕೊಳ್ಳಲು ಬೇರೆ ವಿಭಾಗ ಇರುವುದಿಲ್ಲ. ಟಿಕೆಟ್ ಮಾಡಿಸುವುದು ಅಕೌಂಟ್ಸ್‌ನವರು, ತೊಂದರೆ ಬಂದರೆ ಫೋನ್ ಹೋಗುವುದು ನೇರವಾಗಿ ಮಾಲೀಕರಿಗೆ. ಈ ಲೇಖನ ಮುಖ್ಯವಾಗಿ ಅಂಥವರಿಗಾಗಿ.

ಒಂದು ಕಡೆ ಮುಚ್ಚಿದರೆ ಎಲ್ಲ ಕಡೆ ಯಾಕೆ ನಿಲ್ಲುತ್ತದೆ?

ಭೂಮಿಯ ಮೇಲೆ ದೇಶಕ್ಕೆ ಗಡಿ ಇರುವಂತೆ ಆಕಾಶಕ್ಕೂ ಇದೆ. ಒಂದು ದೇಶದ ಮೇಲಿನ ಆಕಾಶವನ್ನು ಆ ದೇಶದ ವಾಯುಪ್ರದೇಶ ಅನ್ನುತ್ತಾರೆ. ಅದನ್ನು ತೆರೆಯುವ, ಮುಚ್ಚುವ ಅಧಿಕಾರ ಆ ದೇಶಕ್ಕೇ ಸೇರಿದ್ದು. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ವಾಯುಪ್ರದೇಶ ಮುಚ್ಚಿತು. ಮುಚ್ಚಿದ್ದು ಕೆಲವೇ ಗಂಟೆ. ಆದರೆ ದೋಹಾಕ್ಕೆ ಹೊರಟಿದ್ದ ವಿಮಾನಗಳು ಎಲ್ಲೆಲ್ಲೋ ಇಳಿದವು. ಎಲ್ಲವೂ ಸರಿದಾರಿಗೆ ಬರಲು ಗಂಟೆಗಳಲ್ಲ, ದಿನಗಳೇ ಬೇಕಾದವು.

ಯಾಕೆ ಹೀಗೆ? ಮಳೆಗಾಲದಲ್ಲಿ ಗುಡ್ಡ ಕುಸಿದು ಅರಬೈಲ್ ಘಾಟ್ ಬಂದ್ ಆದದ್ದನ್ನು ನೆನಪು ಮಾಡಿಕೊಳ್ಳಿ. ಮಣ್ಣು ತೆಗೆದ ಕೂಡಲೇ ಅಂಕೋಲಾ ದಾರಿ ಸಲೀಸಾಗುತ್ತದೆಯೇ? ಇಲ್ಲ. ಎರಡೂ ಕಡೆ ಮೈಲುಗಟ್ಟಲೆ ಲಾರಿಗಳು ನಿಂತಿರುತ್ತವೆ, ಒಂದೊಂದಾಗಿ ಸರಿಯಬೇಕು. ವಿಮಾನದ್ದು ಇನ್ನೂ ಕಷ್ಟ. ದೋಹಾದಿಂದ ಬೆಂಗಳೂರಿಗೆ ಬರಬೇಕಾದ ವಿಮಾನ ಎಲ್ಲೋ ಇಳಿದು ನಿಂತಿರುತ್ತದೆ. ಅದರ ಪೈಲಟ್‌ಗಳ ಕೆಲಸದ ಅವಧಿ ಮುಗಿದಿರುತ್ತದೆ, ಅವರು ವಿಶ್ರಾಂತಿ ಪಡೆಯಲೇಬೇಕೆಂಬ ಕಾನೂನಿದೆ. ಮರುದಿನದ ವಿಮಾನದಲ್ಲಿ ಸೀಟುಗಳು ಮೊದಲೇ ಭರ್ತಿ. ಹಾಗಾಗಿ ರದ್ದಾದ ವಿಮಾನದ ಇನ್ನೂರು ಮುನ್ನೂರು ಜನ ಮುಂದಿನ ವಿಮಾನಗಳಲ್ಲಿ ಉಳಿದಿರುವ ನಾಲ್ಕು, ಐದು ಸೀಟುಗಳಿಗಾಗಿ ಕಾಯುತ್ತಾರೆ.

ಕಾರಣ ಯುದ್ಧವೇ ಆಗಬೇಕಿಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಒಂದು ಜ್ವಾಲಾಮುಖಿಯ ಬೂದಿ ಯುರೋಪಿನ ಬಹುಭಾಗದ ಆಕಾಶವನ್ನು ಸುಮಾರು ಆರು ದಿನ ಮುಚ್ಚಿಸಿತು. ಆ ಬೂದಿ ಎಂಜಿನ್ ಒಳಗೆ ಹೋದರೆ ಕಾವಿಗೆ ಕರಗಿ ಗಾಜಿನಂತೆ ಅಂಟಿಕೊಳ್ಳುತ್ತದೆ, ಎಂಜಿನ್ ನಿಲ್ಲಬಹುದು. 2024ರ ಏಪ್ರಿಲ್‌ನಲ್ಲಿ ದುಬೈ ವಿಮಾನ ನಿಲ್ದಾಣದೊಳಗೆ ಮಳೆ ನೀರು ನಿಂತಿತು. ಅದೇ ವರ್ಷ ಜುಲೈ 19ರಂದು ಒಂದು ತಪ್ಪು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಜಗತ್ತಿನ ಎಷ್ಟೋ ಕಡೆ ಕಂಪ್ಯೂಟರ್ ನಿಂತು, ನಮ್ಮ ದೇಶದಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. 2025ರ ಮಾರ್ಚ್ 21ರಂದು ಲಂಡನ್‌ನ ಹೀಥ್ರೂ ನಿಲ್ದಾಣ ಮುಚ್ಚಿದ್ದು ಹತ್ತಿರದ ವಿದ್ಯುತ್ ಸಬ್‌ಸ್ಟೇಷನ್‌ಗೆ ಬೆಂಕಿ ಬಿದ್ದದ್ದಕ್ಕೆ. ಇವು ಯಾವುವನ್ನೂ ಹುಬ್ಬಳ್ಳಿಯಲ್ಲಿ ಕೂತು ತಡೆಯಲು ಆಗುವುದಿಲ್ಲ. ಆದರೆ ಹೀಗೊಂದು ದಿನ ಬರಬಹುದು ಅಂತ ತಯಾರಿ ಮಾಡಿಕೊಳ್ಳಲು ಖಂಡಿತ ಆಗುತ್ತದೆ.

ಮೊದಲ ಫೋನು

ಒಂದು ಕಲ್ಪನೆ ಮಾಡಿಕೊಳ್ಳೋಣ. ತಾರಿಹಾಳದ ಕಾರ್ಖಾನೆಯೊಂದರ ಫಿಟ್ಟರ್ ಮಸ್ಕತ್‌ಗೆ ಹೋಗಿದ್ದಾನೆ. ಕೆಲಸ ಮುಗಿದಿದೆ. ರಾತ್ರಿ ಹನ್ನೊಂದಕ್ಕೆ ವಿಮಾನ ನಿಲ್ದಾಣದಿಂದ ಫೋನ್ ಮಾಡುತ್ತಾನೆ.

"ಸರ್, ಫ್ಲೈಟ್ ಕ್ಯಾನ್ಸಲ್ ಆಗೇತ್ರಿ. ಯಾವಾಗ ಐತಿ ಅಂತ ಯಾರೂ ಹೇಳವಲ್ರು. ಏನ್ ಮಾಡ್ಲಿರಿ?"

ಆ ಪ್ರಶ್ನೆಯ ಒಳಗೆ ಅವನು ಬಾಯಿಬಿಟ್ಟು ಕೇಳದ ಪ್ರಶ್ನೆಗಳು ಇನ್ನೂ ಇವೆ. ಹೋಟೆಲ್ ದುಡ್ಡು ನಾನೇ ಕೊಡಬೇಕಾ? ಈ ದಿನಗಳಿಗೆ ಪಗಾರ ಹಿಡಿಯುತ್ತಾರಾ? ನಾಳೆ ಮತ್ತೆ ಫೋನ್ ಮಾಡಿದರೆ ಸಾಹೇಬರು ಬೇಸರ ಮಾಡಿಕೊಳ್ಳುತ್ತಾರಾ? ನಮ್ಮ ಕಡೆ ಹುಡುಗರು ದುಡ್ಡಿನ ಮಾತು ತಾವಾಗಿ ಎತ್ತುವುದಿಲ್ಲ. ಸಂಕೋಚ ಜಾಸ್ತಿ. ನಿಲ್ದಾಣದ ಕುರ್ಚಿಯ ಮೇಲೆ ಎರಡು ರಾತ್ರಿ ಕಳೆದಾನು, ಬಾಯಿ ಮಾತ್ರ ಬಿಡಲಾರ. ಆದ್ದರಿಂದ ಅವನು ಕೇಳುವ ಮೊದಲೇ ಹೇಳಿಬಿಡಬೇಕು: "ಹೋಟೆಲ್ ತಗೋ, ಊಟ ಸರಿಯಾಗಿ ಮಾಡು, ಬಿಲ್ ಇಟ್ಕೋ, ಕಂಪನಿ ಕೊಡತೈತಿ. ಹಾಜರಿ ಚಿಂತೆ ಬೇಡ." ಇದನ್ನೇ ಮತ್ತೊಮ್ಮೆ ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಬರೆದು ಕಳಿಸಬೇಕು. ಗಾಬರಿಯಲ್ಲಿ ಕೇಳಿದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ, ಬರೆದದ್ದನ್ನು ಎಷ್ಟು ಸಲ ಬೇಕಾದರೂ ಓದಬಹುದು.

ಆಮೇಲೆ ಆಫೀಸಿನವರು ಅವನಿಂದ ತಿಳಿದುಕೊಳ್ಳಬೇಕಾದದ್ದು: ಈಗ ಸರಿಯಾಗಿ ಎಲ್ಲಿದ್ದಾನೆ, ವೀಸಾ ಯಾವ ದಿನ ಮುಗಿಯುತ್ತದೆ, ಕೈಯಲ್ಲಿ ಎಷ್ಟು ದುಡ್ಡಿದೆ, ಬಿಪಿ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು ದಿನಕ್ಕೆ ಸಾಕು, ಸಾಮಾನು ಕೈಗೆ ಸಿಕ್ಕಿದೆಯೋ ಚೆಕ್-ಇನ್ ಆಗಿಹೋಗಿದೆಯೋ. ಮಾತ್ರೆಗಳು ಚೆಕ್-ಇನ್ ಆದ ಸೂಟ್‌ಕೇಸಿನಲ್ಲೇ ಉಳಿಯುವುದು ತೀರಾ ಸಾಮಾನ್ಯ. ಸಕ್ಕರೆ ಕಾಯಿಲೆ ಇರುವವರಿಗೆ ಅದೇ ದೊಡ್ಡ ಅಪಾಯ.

ಇಲ್ಲಿಂದ ಒಬ್ಬರೇ ಮಾತಾಡಬೇಕು. ಅಕೌಂಟ್ಸ್‌ನವರು ಒಂದು, ಮ್ಯಾನೇಜರ್ ಇನ್ನೊಂದು, ಟ್ರಾವೆಲ್ ಏಜೆಂಟ್ ಮತ್ತೊಂದು ಹೇಳಿದರೆ ಅಲ್ಲಿರುವವನು ಯಾರ ಮಾತು ಕೇಳಬೇಕು? ಒಬ್ಬರನ್ನು ಗೊತ್ತು ಮಾಡಿ, ಅವರ ನಂಬರ್ ಕೊಡಿ. ರಾತ್ರಿ ಅವರು ಮಲಗಿದಾಗ ಎತ್ತಲು ಇನ್ನೊಬ್ಬರು ಇರಲಿ. ಮಸ್ಕತ್, ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಲಂಡನ್ ನಾಲ್ಕೂವರೆ ಅಥವಾ ಐದೂವರೆ ಗಂಟೆ ಹಿಂದೆ. ಅವನ ಸಂಜೆ ನಮ್ಮ ನಡುರಾತ್ರಿ ಆಗಬಹುದು. ದಿನಕ್ಕೆ ಎರಡು ಸಲ, ಹೇಳಿದ ಹೊತ್ತಿಗೆ ಫೋನ್ ಮಾಡಬೇಕು. ಹೊಸ ಸುದ್ದಿ ಇಲ್ಲದಿದ್ದರೂ ಮಾಡಬೇಕು.

ಮನೆಯವರು

ಈ ಮಾತನ್ನು ಎಷ್ಟೋ ಕಂಪನಿಗಳು ಮರೆತೇಬಿಡುತ್ತವೆ. ಮಗ ದುಬೈಯಲ್ಲಿ ಸಿಕ್ಕಿಕೊಂಡಿದ್ದಾನೆ ಅಂದರೆ ನವಲಗುಂದದಲ್ಲೋ ಶಿಗ್ಗಾವಿಯಲ್ಲೋ ಇರುವ ತಾಯಿ ಟಿವಿ ಮುಂದೆ ಕೂತಿರುತ್ತಾರೆ. ಟಿವಿ ತೋರಿಸುವುದು ಬೆಂಕಿ, ಹೊಗೆ. ಅದು ಮಗನಿರುವ ಜಾಗದಿಂದ ಎಷ್ಟು ದೂರ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಆಫೀಸಿನಿಂದ ಒಂದು ಫೋನ್ ಹೋಗಲಿ: "ಅವ್ವಾರ, ಅವರು ಹೋಟೆಲಿನ್ಯಾಗ ಅದಾರ, ಆರಾಮ ಅದಾರ, ನಾವು ದಿನಾ ಮಾತಾಡಾಕತ್ತೇವಿ." ಇದಕ್ಕೆ ಖರ್ಚು ಏನೂ ಇಲ್ಲ. ಅತ್ತ ಸಿಕ್ಕಿಕೊಂಡವನ ತಲೆಯ ಮೇಲಿನ ಅರ್ಧ ಭಾರ ಇಳಿಯುತ್ತದೆ.

ಹಣ ಹೇಗೆ ಮುಟ್ಟಿಸುವುದು?

ಮೊದಲು ಒಂದು ಸಣ್ಣ ವಿಷಯ. 2020ರ ಮಾರ್ಚ್ 16ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ನಮ್ಮ ಬ್ಯಾಂಕುಗಳು ಕೊಡುವ ಹೊಸ ಕಾರ್ಡುಗಳು ದೇಶದ ಒಳಗೆ ಮಾತ್ರ ನಡೆಯುತ್ತವೆ. ವಿದೇಶದಲ್ಲಿ ಬಳಸಬೇಕೆಂದರೆ ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಖಾತೆಯಲ್ಲಿ ಹಣ ಇದ್ದರೂ ಹೋಟೆಲ್ ಕೌಂಟರಿನಲ್ಲಿ ಕಾರ್ಡ್ ನಡೆಯದೇ ಹೋದರೆ ಕಾರಣ ಇದೇ ಇರಬಹುದು. ಆನ್ ಮಾಡುವಾಗ ಒಟಿಪಿ ಬರುವುದು ಊರಿನ ಸಿಮ್‌ಗೆ. ಆ ಸಿಮ್‌ನಲ್ಲಿ ರೋಮಿಂಗ್ ಇಲ್ಲದಿದ್ದರೆ ಅಲ್ಲೇ ನಿಂತಿತು. ಹೊರಡುವ ಮುಂಚೆ ಇವೆರಡನ್ನೂ ನೋಡಿಕೊಂಡರೆ ಸಾಕು.

ಕೆಲಸದ ಮೇಲೆ ಹೋಗುವವರಿಗೆ ಫಾರೆಕ್ಸ್ ಕಾರ್ಡ್ ಒಳ್ಳೆಯದು. ಇದು ಮೊಬೈಲ್ ರೀಚಾರ್ಜ್ ಇದ್ದ ಹಾಗೆ. ಮೊದಲೇ ಡಾಲರ್, ಯೂರೋ, ದಿರ್ಹಮ್ ತುಂಬಿಸಿರುತ್ತಾರೆ. ಖಾಲಿಯಾದರೆ ಕಂಪನಿ ಇಲ್ಲಿಂದಲೇ ಬ್ಯಾಂಕಿನ ಮೂಲಕ ಮತ್ತೆ ತುಂಬಿಸಬಹುದು. ಯಾವ ಬ್ಯಾಂಕಿನಲ್ಲಿ, ಯಾರ ಸಹಿಯಿಂದ ತುಂಬಿಸಬೇಕು ಅನ್ನುವುದನ್ನು ಶನಿವಾರ ರಾತ್ರಿ ಹುಡುಕುತ್ತ ಕೂರುವಂತಾಗಬಾರದು. ಇನ್ನೊಂದು ಸುಲಭ ದಾರಿ, ಹೋಟೆಲ್ ಕೋಣೆಯನ್ನು ಇಲ್ಲಿಂದಲೇ ಬುಕ್ ಮಾಡಿ ಕಂಪನಿಯ ಕಾರ್ಡಿನಿಂದ ಹಣ ಕಟ್ಟುವುದು. ಸಾವಿರಾರು ಜನ ಒಟ್ಟಿಗೆ ಸಿಕ್ಕಿಕೊಂಡಾಗ ನಿಲ್ದಾಣದ ಹತ್ತಿರದ ಕೋಣೆಗಳು ಗಂಟೆಯೊಳಗೆ ಮುಗಿಯುತ್ತವೆ. ಸಾಲಿನಲ್ಲಿ ನಿಂತವನು ಹುಡುಕುವುದಕ್ಕಿಂತ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತವರು ಬೇಗ ಹುಡುಕುತ್ತಾರೆ.

ವಿಮಾನ ಕಂಪನಿ ಏನು ಕೊಡಬೇಕು, ವಿಮೆ ಏನು ಕೊಡುತ್ತದೆ?

ವಿಮಾನ ಕಂಪನಿಯೇ ರದ್ದು ಮಾಡಿದರೆ ಪ್ರಯಾಣಿಕನಿಗೆ ಎರಡು ಆಯ್ಕೆ: ಬೇರೆ ವಿಮಾನದಲ್ಲಿ ಸೀಟು, ಇಲ್ಲವೇ ಹಣ ವಾಪಸ್. ನಮ್ಮ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ, ನಿಯಮವೂ ಹೀಗೇ ಹೇಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಗಾಬರಿಯಲ್ಲಿ ಪ್ರಯಾಣಿಕನೇ ಟಿಕೆಟ್ ಕ್ಯಾನ್ಸಲ್ ಮಾಡಿಬಿಟ್ಟರೆ ಅದು ಅವನು ರದ್ದು ಮಾಡಿದಂತೆ ಲೆಕ್ಕ, ಶುಲ್ಕ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ. ವಿಮಾನ ಕಂಪನಿಯೇ ರದ್ದು ಮಾಡಿದ ಸಂದೇಶ ಬರುವವರೆಗೆ ಟಿಕೆಟ್ ಮುಟ್ಟಬಾರದು.

ಪರಿಹಾರ ಅನ್ನುವುದು ಬೇರೆ, ಉಪಚಾರ ಅನ್ನುವುದು ಬೇರೆ. ಪರಿಹಾರ ಎಂದರೆ ತೊಂದರೆ ಕೊಟ್ಟದ್ದಕ್ಕೆ ಕೊಡುವ ದುಡ್ಡು. ಯುದ್ಧ, ಬೂದಿ, ಬಿರುಗಾಳಿಯಂಥ ಕಾರಣಕ್ಕೆ ವಿಮಾನ ನಿಂತರೆ ಇದು ಸಾಮಾನ್ಯವಾಗಿ ಸಿಗುವುದಿಲ್ಲ. ಉಪಚಾರ ಎಂದರೆ ಊಟ ಮತ್ತು ತಂಗುವ ಜಾಗ. ಯುರೋಪ್ ಒಕ್ಕೂಟದ 2004ರ 261ನೇ ನಿಯಮದಲ್ಲಿ ಈ ಉಪಚಾರ ಕಾರಣ ಏನೇ ಇದ್ದರೂ ಕಡ್ಡಾಯ. 2010ರ ಜ್ವಾಲಾಮುಖಿಯ ಪ್ರಕರಣವೊಂದರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ 2013ರಲ್ಲಿ ಇದನ್ನೇ ಹೇಳಿತು. ಯುರೋಪ್ ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವುದೇ ವಿಮಾನಕ್ಕೂ ಈ ನಿಯಮ ಅನ್ವಯ, ಪ್ರಯಾಣಿಕ ಭಾರತದವನಾದರೂ ಸರಿ. ಫ್ರಾಂಕ್‌ಫರ್ಟ್‌ನಲ್ಲಿ ಸಿಕ್ಕಿಕೊಂಡ ಧಾರವಾಡದ ಎಂಜಿನಿಯರ್ ಕೌಂಟರಿನಲ್ಲಿ ಧೈರ್ಯವಾಗಿ ಹೋಟೆಲ್ ಕೇಳಬಹುದು. ಕೊಡದಿದ್ದರೆ ತಾನೇ ಖರ್ಚು ಮಾಡಿ, ರಸೀದಿ ಇಟ್ಟುಕೊಂಡು ಆಮೇಲೆ ಕೇಳಬಹುದು.

ಪ್ರಯಾಣ ವಿಮೆಯ ಮೇಲೆ ಬಹಳ ಜನ ಜಾಸ್ತಿ ಭರವಸೆ ಇಡುತ್ತಾರೆ. ಪಾಲಿಸಿಯಲ್ಲಿ ಎರಡು ಕಡೆ ಬೆರಳಿಟ್ಟು ಓದಿ. ಒಂದು, ಯುದ್ಧದಿಂದಾದ ನಷ್ಟವನ್ನು ಹೆಚ್ಚಿನ ಪಾಲಿಸಿಗಳು ಹೊರಗಿಟ್ಟಿರುತ್ತವೆ. ಇನ್ನೊಂದು, ತೊಂದರೆ ಶುರುವಾಗಿ ಎಲ್ಲರಿಗೂ ಗೊತ್ತಾದ ಮೇಲೆ ಕೊಂಡ ವಿಮೆ ಆ ತೊಂದರೆಗೆ ಬರುವುದಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ವಿಮೆ ಮಾಡಿಸಿದಂತೆ. ಹಾಗಂತ ವಿಮೆ ಬೇಡ ಅಂತಲ್ಲ. ವಿದೇಶದಲ್ಲಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಅದರಷ್ಟು ಆಸರೆ ಬೇರೆ ಇಲ್ಲ. ಅದಕ್ಕೇ, ಪ್ರಯಾಣ ಮುಂದುವರಿದರೆ ಪಾಲಿಸಿ ಮುಗಿಯುವ ದಿನಕ್ಕೆ ಮೊದಲೇ ಅದನ್ನು ವಿಸ್ತರಿಸಬೇಕು. ಈ ಕೆಲಸ ಆಫೀಸಿನದು.

ವೀಸಾ ಮುಗಿದರೆ?

ವೀಸಾ ಮುಗಿದ ಮೇಲೂ ಉಳಿದರೆ ಅದು ತಪ್ಪು, ಕಾರಣ ವಿಮಾನ ಇಲ್ಲದಿರುವುದಾದರೂ ದಾಖಲೆ ಬೇಕು. ಯುಎಇಯಲ್ಲಿ ಭೇಟಿ ವೀಸಾ ಮೀರಿದರೆ ದಿನಕ್ಕೆ 50 ದಿರ್ಹಮ್ ದಂಡ. 2020ರ ಕೋವಿಡ್ ಹೊತ್ತಿನಲ್ಲಿ ಆ ದೇಶ ಇಂಥ ದಂಡ ಮನ್ನಾ ಮಾಡಿತ್ತು, ಆದರೆ ಪ್ರತಿ ಸಲವೂ ಹಾಗಾಗುತ್ತದೆ ಅಂತ ಕೂರುವಂತಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಶೆಂಗೆನ್ ವೀಸಾದಲ್ಲಿ, ತನ್ನ ಕೈಮೀರಿದ ಕಾರಣಕ್ಕೆ ಹೊರಡಲಾಗದವರಿಗೆ ಶುಲ್ಕವಿಲ್ಲದೆ ವಿಸ್ತರಣೆ ಕೊಡಲು ಕಾನೂನಿನಲ್ಲೇ ಜಾಗ ಇದೆ. ಅರ್ಜಿಯನ್ನು ಮಾತ್ರ ಅವಧಿ ಮುಗಿಯುವ ಮೊದಲೇ ಹಾಕಬೇಕು. ವಿಮಾನ ರದ್ದಾದ ಇಮೇಲ್, ಹಳೆಯ ಟಿಕೆಟ್, ಹೊಸ ಟಿಕೆಟ್, ಕಂಪನಿಯ ಒಂದು ಪತ್ರ ಜೊತೆಗಿರಲಿ. "ಇವರು ನಮ್ಮ ನೌಕರರು, ಇಂಥ ಕೆಲಸಕ್ಕೆ ಬಂದಿದ್ದರು, ಖರ್ಚು ನಮ್ಮದು" ಎಂದು ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಬರೆದ ನಾಲ್ಕು ಸಾಲು ವಲಸೆ ಅಧಿಕಾರಿಯ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ವಿಮಾನ ಬದಲಿಸಲು ನಡುವೆ ಇಳಿದವರದು ಇನ್ನೊಂದು ಪಾಡು. ಇವರನ್ನು ಟ್ರಾನ್ಸಿಟ್ ಪ್ರಯಾಣಿಕರು ಅನ್ನುತ್ತಾರೆ. ಆ ದೇಶದ ವೀಸಾ ಇಲ್ಲದಿದ್ದರೆ ಎಷ್ಟೋ ಕಡೆ ನಿಲ್ದಾಣದ ಹೊರಗೆ ಕಾಲಿಡುವಂತಿಲ್ಲ, ಹೊರಗಿನ ಹೋಟೆಲ್ ಬುಕ್ ಮಾಡಿದರೂ ಉಪಯೋಗ ಇಲ್ಲ. ಬುಕ್ ಮಾಡುವ ಮೊದಲು ಇದನ್ನು ಕೇಳಿಕೊಳ್ಳಿ.

ಪಗಾರ ಮತ್ತು ರಜೆ

ಇಲ್ಲಿ ಒಂದು ಗೆರೆ ಎಳೆಯಬೇಕು. ಕಂಪನಿಯ ಕೆಲಸಕ್ಕೆ ಹೋದವರು ಒಂದು ಕಡೆ, ಸ್ವಂತ ರಜೆಯಲ್ಲಿ ಹೋದವರು ಇನ್ನೊಂದು ಕಡೆ.

ಕಂಪನಿ ಕಳಿಸಿದವನು ಸಿಕ್ಕಿಕೊಂಡ ಪ್ರತಿ ದಿನವೂ ಕೆಲಸದ ದಿನ ಅಂತಲೇ ಎಣಿಸುವುದು ನ್ಯಾಯ. ಅವನು ಅಲ್ಲಿರುವುದು ಕಂಪನಿಗಾಗಿ. ಹೋಟೆಲಿನಲ್ಲಿ ಸುಮ್ನೆ ಕೂತಿದ್ದಾನೆ ಅನ್ನುವುದು ನಿಜವಲ್ಲ, ಮನೆಗೆ ಬರಲಾಗದೆ ಕೂತಿದ್ದಾನೆ. ಕೆಲಸದ ನಿಮಿತ್ತ ಹೋದಾಗ ಅಪಘಾತವಾದರೆ ಮಾಲೀಕರ ಹೊಣೆ ಗಡಿ ದಾಟಿದ ಕೂಡಲೇ ಮುಗಿಯುವುದಿಲ್ಲ. ಭಾರತದ ಕಂಪನಿ ಹೊರದೇಶಕ್ಕೆ ಕಳಿಸಿದ ಕೆಲಸಗಾರರ ಬಗ್ಗೆ 1923ರ ನೌಕರರ ಪರಿಹಾರ ಕಾಯ್ದೆಯಲ್ಲೇ ಪ್ರತ್ಯೇಕ ಕಲಮು ಇತ್ತು. ಆ ಕಾಯ್ದೆ ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ.

ಸ್ವಂತ ಖರ್ಚಿನಲ್ಲಿ ತಂಗಿಯನ್ನು ನೋಡಲು ಅಬುಧಾಬಿಗೆ ಹೋದ ಗುಮಾಸ್ತೆಯ ವಿಷಯ ಬೇರೆ. ಆಕೆಗೆ ಸಂಬಳ ಕೊಡಲೇಬೇಕೆಂಬ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆದರೆ ದಾರಿಗಳಿವೆ. ಉಳಿದ ಗಳಿಕೆ ರಜೆ ಹಾಕಿಕೊಳ್ಳಬಹುದು. ರಜೆ ಮುಗಿದಿದ್ದರೆ ಮುಂದೆ ಗಳಿಸುವ ರಜೆಯಿಂದ ಮುಂಗಡವಾಗಿ ಕೊಡಬಹುದು. ಲ್ಯಾಪ್‌ಟಾಪ್‌ನಲ್ಲಿ ಆಗುವ ಕೆಲಸವಾದರೆ ಅಲ್ಲಿಂದ ಸ್ವಲ್ಪ ಮಾಡಿಸಬಹುದು, ಆ ದೇಶದ ವೀಸಾ ಅದಕ್ಕೆ ಒಪ್ಪುತ್ತದೆಯೇ ಅಂತ ಮೊದಲು ನೋಡಿಕೊಂಡು. ಯಾವುದೂ ಆಗದಿದ್ದರೆ ಸಂಬಳವಿಲ್ಲದ ರಜೆ. ಅದನ್ನು "ಹೇಳದೆ ಕೇಳದೆ ಗೈರು" ಅಂತ ಮಾತ್ರ ಬರೆಯಬಾರದು. ಅವೆರಡರ ನಡುವೆ ಬಹಳ ವ್ಯತ್ಯಾಸ ಇದೆ, ಒಂದು ಅನಿವಾರ್ಯ, ಇನ್ನೊಂದು ತಪ್ಪು. ಇಬ್ಬರು ಸಿಕ್ಕಿಕೊಂಡರೆ ಮ್ಯಾನೇಜರಿಗೆ ಒಂದು, ಸಹಾಯಕನಿಗೆ ಇನ್ನೊಂದು ಅಳತೆ ಇರಬಾರದು. ವಾಪಸ್ ಬಂದ ಮೇಲೆ ಊಟದ ಹೊತ್ತಿನಲ್ಲಿ ಅವರಿಬ್ಬರೂ ಮಾತಾಡಿಕೊಳ್ಳುತ್ತಾರೆ ಅಲ್ವಾ?

ಸರ್ಕಾರದ ವಿಮಾನ ಬಂದಾಗ

ಪರಿಸ್ಥಿತಿ ಕೈಮೀರಿದರೆ ಸರ್ಕಾರವೇ ಜನರನ್ನು ಕರೆತರುತ್ತದೆ. ಕೋವಿಡ್ ಹೊತ್ತಿನಲ್ಲಿ, 2020ರ ಮೇ 7ರಂದು ಶುರುವಾದ ವಂದೇ ಭಾರತ್ ಮಿಷನ್, 2022ರಲ್ಲಿ ಉಕ್ರೇನ್‌ನಿಂದ ಆಪರೇಷನ್ ಗಂಗಾ, 2023ರಲ್ಲಿ ಸುಡಾನ್‌ನಿಂದ ಆಪರೇಷನ್ ಕಾವೇರಿ, 2025ರ ಜೂನ್‌ನಲ್ಲಿ ಇರಾನ್ ಮತ್ತು ಇಸ್ರೇಲ್‌ನಿಂದ ಆಪರೇಷನ್ ಸಿಂಧು. ಸುಡಾನ್‌ನಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಕೊಂಡಿದ್ದರು. ಈ ವಿಮಾನಗಳೆಲ್ಲ ಉಚಿತ ಅಂದುಕೊಳ್ಳಬೇಡಿ. ವಂದೇ ಭಾರತ್ ಮಿಷನ್‌ನಲ್ಲಿ ಟಿಕೆಟ್ ಹಣವನ್ನು ಪ್ರಯಾಣಿಕರೇ ಕೊಟ್ಟಿದ್ದರು.

ಹೆಸರು ಪಟ್ಟಿಯಲ್ಲಿ ಇರಬೇಕೆಂದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ದೂರು, ಮನವಿಗೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇದೆ. ಕೈಯಲ್ಲಿ ಏನೂ ಉಳಿಯದವರ ಊಟ, ವಸತಿ, ಟಿಕೆಟ್‌ಗಾಗಿ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, 2009ರಿಂದ. ರಾಜ್ಯದಲ್ಲಿ ಅನಿವಾಸಿ ಭಾರತೀಯ ಸಮಿತಿಯನ್ನೂ ಸಂಪರ್ಕಿಸಬಹುದು.

ಯುದ್ಧ ನಡೆಯುವ ಜಾಗವಾದರೆ ಒಂದು ಮಾತು ಒತ್ತಿ ಹೇಳಬೇಕು. ಉಕ್ರೇನ್ ಯುದ್ಧ ಶುರುವಾದ ಕೆಲವೇ ದಿನಕ್ಕೆ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸಿಕ್ಕಿ ಜೀವ ಕಳೆದುಕೊಂಡ. ಆ ನೋವು ಈ ಭಾಗದಲ್ಲಿ ಇನ್ನೂ ಮಾಸಿಲ್ಲ. ಎಲ್ಲಿ ಉಳಿಯಬೇಕು, ಯಾವಾಗ ಹೊರಡಬೇಕು ಅನ್ನುವುದನ್ನು ರಾಯಭಾರ ಕಚೇರಿಯ ಸೂಚನೆ ನೋಡಿ ನಿರ್ಧರಿಸಬೇಕು. "ಹೇಗಾದರೂ ಮಾಡಿ ಸೋಮವಾರ ಬಾ" ಅಂತ ಇಲ್ಲಿಂದ ಒತ್ತಡ ಹಾಕಬಾರದು. ಟ್ಯಾಕ್ಸಿ ಮಾಡಿಕೊಂಡು ಪಕ್ಕದ ದೇಶದ ಗಡಿಗೆ ಹೋಗು ಎಂದು ವಾಟ್ಸಾಪ್ ಸಂದೇಶ ನೋಡಿ ಹೇಳುವುದಂತೂ ಬೇಡವೇ ಬೇಡ.

ಹೊರಡುವ ಮೊದಲು ಒಂದು ಹಾಳೆ

ಇಷ್ಟೆಲ್ಲ ಓದಿ, ಇದಕ್ಕೆ ದೊಡ್ಡ ನಿಯಮಾವಳಿ ಬೇಕು ಅನ್ನಿಸಬಹುದು. ಬೇಡ. ಒಂದೇ ಹಾಳೆ ಸಾಕು. ಪಾಸ್‌ಪೋರ್ಟ್, ವೀಸಾ, ವಿಮೆಯ ಪ್ರತಿ ಆಫೀಸಿನಲ್ಲೂ ಇರಲಿ, ಅವನ ಫೋನಿನಲ್ಲೂ ಇರಲಿ. ಮನೆಯವರ ನಂಬರ್ ಬರೆದುಕೊಳ್ಳಿ. ಮಾತ್ರೆಗಳು ಹದಿನೈದು ದಿನಕ್ಕೆ ಹೆಚ್ಚೇ ಇರಲಿ, ಡಾಕ್ಟರ ಚೀಟಿಯೊಂದಿಗೆ, ಕೈಚೀಲದಲ್ಲಿ. ಕೊಲ್ಲಿ ದೇಶಗಳಲ್ಲಿ ಕೆಲವು ಮಾತ್ರೆಗಳಿಗೆ ಕಟ್ಟುನಿಟ್ಟು ಇದೆ, ಚೀಟಿ ಇಲ್ಲದೆ ಒಯ್ಯಬಾರದು. ಸಿಕ್ಕಿಕೊಂಡರೆ ದಿನಕ್ಕೆ ಇಷ್ಟು ದುಡ್ಡಿನವರೆಗೆ ಯಾರನ್ನೂ ಕೇಳದೆ ಖರ್ಚು ಮಾಡಬಹುದು ಅಂತ ಒಂದು ಮೊತ್ತ ಬರೆದು ಸಹಿ ಹಾಕಿ ಕೊಡಿ. ಆ ಒಂದು ಸಾಲಿದ್ದರೆ ರಾತ್ರಿ ಎರಡು ಗಂಟೆಗೆ ಅವನು ಹೋಟೆಲ್ ಕೌಂಟರಿನಲ್ಲಿ ಹಿಂಜರಿಯುವುದಿಲ್ಲ.

ಬಂದ ಮೇಲೆ

ಹುಬ್ಬಳ್ಳಿಗೆ ವಿದೇಶದಿಂದ ನೇರ ವಿಮಾನ ಇಲ್ಲ. ಬೆಂಗಳೂರಿನಲ್ಲೋ ಮುಂಬೈನಲ್ಲೋ ಇಳಿದು, ಅಲ್ಲಿಂದ ರೈಲೋ ರಾತ್ರಿ ಬಸ್ಸೋ ಹಿಡಿಯಬೇಕು. ಮುಂದಿನ ಟಿಕೆಟ್ ತಪ್ಪಿಹೋಗಿರುತ್ತದೆ. ಆ ಕೊನೆಯ ತುಂಡು ಪ್ರಯಾಣವನ್ನೂ ಕಂಪನಿಯೇ ನೋಡಿಕೊಳ್ಳಲಿ. ಐದು ದಿನ ನಿದ್ದೆ ಕೆಟ್ಟವನನ್ನು ಬಸ್ ಇಳಿದ ಬೆಳಿಗ್ಗೆಯೇ ಯಂತ್ರದ ಮುಂದೆ ನಿಲ್ಲಿಸುವುದು ಅಪಾಯ. ಒಂದೆರಡು ದಿನ ಮನೆಯಲ್ಲಿರಲಿ, ಆ ದಿನಗಳೂ ಹಾಜರಿಯಲ್ಲೇ ಸೇರಲಿ. ಮಸುಕಾದ ರಸೀದಿಗಳ ಕಂತೆಯನ್ನು ಅವನು ಮೇಜಿನ ಮೇಲೆ ಇಟ್ಟಾಗ, ಒಂದೆರಡು ಕಳೆದುಹೋಗಿರುತ್ತವೆ. ಅವನ ಮಾತನ್ನು ನಂಬಿ, ಮುಂದಿನ ಪಗಾರದವರೆಗೆ ಕಾಯಿಸದೆ ಅದೇ ವಾರ ಲೆಕ್ಕ ಚುಕ್ತಾ ಮಾಡಿ.